ಹೊಳೆದಂಡೆಯ ಪಾಠಶಾಲೆ

ನಿಮ್ಮ ಮನೆಯ ನಾಲ್ಕೈದು ವರ್ಷದ ಮಗುವನ್ನು ಹತ್ತಿರ ಕೂರಿಸಿಕೊಂಡು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಮೊಬೈಲಿನಲ್ಲಿ ಜಿರಾಫೆ, ಪೆಂಗ್ವಿನ್, ಡೈನೋಸಾರ್‌ಗಳ ಚಿತ್ರ ತೋರಿಸಿ. ಮಗು ಥಟ್ಟನೆ ಹೆಸರು ಹೇಳುತ್ತದೆ. ಈಗ ಅದನ್ನು ಬಾಗಿಲ ಬಳಿ ಕರೆದುಕೊಂಡು ಹೋಗಿ ಎದುರಿಗಿರುವ ಬೇವಿನ ಮರವನ್ನು ತೋರಿಸಿ, 'ಇದೇನು?' ಎಂದು ಕೇಳಿ. 'ಗಿಡ' ಎನ್ನುತ್ತದೆ. ಕೊಂಬೆಯ ಮೇಲೆ ಕೂತ ಗೊರವಂಕವನ್ನು ತೋರಿಸಿದರೆ 'ಹಕ್ಕಿ' ಎನ್ನುತ್ತದೆ. ಅಷ್ಟೇ. ಸಾವಿರಾರು ಮೈಲಿ ದೂರದ ಪ್ರಾಣಿಗೆ ಹೆಸರಿದೆ, ಅಂಗಳದ ಮರಕ್ಕೆ ಹೆಸರಿಲ್ಲ!

ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ನಮ್ಮ ಅಜ್ಜಿಯಂದಿರಿಗೆ ಹೊಲದ ಬದುವಿನ ಪ್ರತಿಯೊಂದು ಗಿಡದ ಹೆಸರೂ ಗೊತ್ತಿತ್ತು. ನಮ್ಮ ತಾಯಂದಿರಿಗೆ ಅದರಲ್ಲಿ ಅರ್ಧ ಗೊತ್ತಿತ್ತು. ನಮಗೆ ಗೊತ್ತಿರುವುದು ನಾಲ್ಕಾರು ಮಾತ್ರ. ಇನ್ನು ನಮ್ಮ ಮಕ್ಕಳಿಗೆ ಉಳಿಯುವುದಾದರೂ ಏನು? ಒಡವೆ, ಹೊಲ, ಮನೆಗಳನ್ನು ಮಕ್ಕಳಿಗೆ ಬಿಟ್ಟುಹೋಗಬೇಕೆಂದು ಎಷ್ಟೊಂದು ಚಿಂತಿಸುವ ನಾವು ಈ ಆಸ್ತಿ ಕೈಜಾರಿ ಹೋಗುತ್ತಿರುವುದನ್ನು ಗಮನಿಸುವುದೇ ಇಲ್ಲ.

ಇದಕ್ಕೆ ಪರಿಹಾರವೇನೂ ದುಬಾರಿಯಲ್ಲ. ವಾರಕ್ಕೊಮ್ಮೆ, ಅದಾಗದಿದ್ದರೆ ಹದಿನೈದು ದಿನಕ್ಕೊಮ್ಮೆ, ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಮಕ್ಕಳ ಕೈ ಹಿಡಿದು ಊರ ಹೊರಗೆ ಒಂದೆರಡು ಗಂಟೆ ನಡೆದು ಬರುವುದು. ಖರ್ಚು ಎಂದರೆ ಒಂದು ಡಬ್ಬಿ ಮಂಡಕ್ಕಿ, ಒಂದು ಬಾಟಲಿ ನೀರು.

ದೇಹಕ್ಕೂ ಬೇಕು, ಕಣ್ಣಿಗೂ ಬೇಕು

'ಸುಮ್ಮನೆ ತಿರುಗಾಡುವುದರಿಂದ ಏನು ಬಂತು? ಆ ಹೊತ್ತಿನಲ್ಲಿ ಎರಡು ಅಕ್ಷರ ಕಲಿಯಬಾರದೇ?' ಎಂದು ಮನೆಯ ಹಿರಿಯರು ಕೇಳಬಹುದು. ಅವರಿಗೆ ಈ ಮಾತನ್ನು ತಿಳಿಸಿ. ಮೂರು-ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ, ಅಂದರೆ ಮೂರು ಗಂಟೆ ಓಡಾಟ-ಆಟಗಳಲ್ಲಿರಬೇಕು, ಟಿ.ವಿ., ಮೊಬೈಲ್‌ಗಳ ಮುಂದೆ ಕೂರುವುದು ಒಂದು ಗಂಟೆಯನ್ನು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ನಮ್ಮ ಎಷ್ಟು ಮನೆಗಳಲ್ಲಿ ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನಿಮಗೇ ಗೊತ್ತು. ಮೊಬೈಲ್ ಕೊಟ್ಟರೆ ಮಾತ್ರ ಬಾಯಿ ತೆರೆದು ಊಟ ಮಾಡುವ ಮಕ್ಕಳು ಈಗ ಹಳ್ಳಿಗಳಲ್ಲೂ ಇದ್ದಾರೆ.

ಕಣ್ಣಿನ ವಿಚಾರ ಇನ್ನೂ ಮುಖ್ಯ. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದು ಅಧ್ಯಯನ ನಡೆಯಿತು. ಅರ್ಧದಷ್ಟು ಶಾಲೆಗಳ ಒಂದನೇ ತರಗತಿಯ ಮಕ್ಕಳಿಗೆ ಪ್ರತಿದಿನ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಕಳೆಯಲು ಅವಕಾಶ ಕೊಡಲಾಯಿತು. ಮೂರು ವರ್ಷಗಳ ಬಳಿಕ ನೋಡಿದಾಗ, ಎಂದಿನಂತೆ ಇದ್ದ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿ ದೋಷ ಬಂದಿತ್ತು. ಬಯಲಿಗೆ ಹೋದ ಮಕ್ಕಳಲ್ಲಿ ಆ ಸಂಖ್ಯೆ ಸುಮಾರು 30. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಹೊರಗಿನ ಬೆಳಕು ಮನೆಯೊಳಗಿನ ದೀಪದ ಬೆಳಕಿಗಿಂತ ಎಷ್ಟೋ ಪಟ್ಟು ಪ್ರಖರ. ಆ ಬೆಳಕು ಬಿದ್ದಾಗ ಕಣ್ಣಿನ ಒಳಪೊರೆಯಲ್ಲಿ ಡೋಪಮಿನ್ ಎಂಬ ದ್ರವ್ಯ ಹೆಚ್ಚು ಸ್ರವಿಸಿ, ಕಣ್ಣುಗುಡ್ಡೆ ಮಿತಿಮೀರಿ ಉದ್ದವಾಗುವುದನ್ನು ತಡೆಯುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಇದಕ್ಕಾಗಿ ಸುಡು ಬಿಸಿಲಿನಲ್ಲಿ ನಿಲ್ಲಬೇಕಾಗಿಲ್ಲ. ಮರದ ನೆರಳಿನಲ್ಲಿ ಆಡಿದರೂ ಸಾಕು.

ಐದಾರು ವರ್ಷದ ಮಗುವಿಗೆ ಕನ್ನಡಕ ಕೊಡಿಸುವ ಖರ್ಚಿಗಿಂತ ಹೊಳೆದಂಡೆಗೆ ಕರೆದೊಯ್ಯುವ ಖರ್ಚು ಕಡಿಮೆ ಅಲ್ಲವೇ?

ನಮ್ಮ ಸೀಮೆಯಲ್ಲಿ ನೋಡಲು ಏನಿದೆ?

'ಮಲೆನಾಡಿನವರಾದರೆ ಸರಿ. ನಮ್ಮ ಬಿಸಿಲು ಸೀಮೆಯಲ್ಲಿ ಜಾಲಿ ಮುಳ್ಳು ಬಿಟ್ಟರೆ ಏನಿದೆ?' ಎನ್ನುವವರಿದ್ದಾರೆ. ನಾನಿರುವುದು ಹಡಗಲಿ ತಾಲ್ಲೂಕಿನ ಮೈಲಾರದ ಸಮೀಪದಲ್ಲಿ. ಭಾರತ ಹುಣ್ಣಿಮೆಯ ಜಾತ್ರೆಗೆ, ಗೊರವಪ್ಪನ ಕಾರ್ಣಿಕಕ್ಕೆ ಮೈಲಾರದ ಹೆಸರು ನಾಡಿಗೆಲ್ಲ ಗೊತ್ತು. ಆದರೆ ಜಾತ್ರೆ ಮುಗಿದು ಗಾಡಿಗಳೆಲ್ಲ ಊರಿಗೆ ಮರಳಿದ ಮೇಲೆ ತುಂಗಭದ್ರೆಯ ದಂಡೆ ಎಷ್ಟು ಶಾಂತವಾಗಿರುತ್ತದೆ ಎಂಬುದು ಇಲ್ಲಿಯವರಿಗಷ್ಟೇ ಗೊತ್ತು.

ಕೆಲವು ವರ್ಷಗಳ ಹಿಂದೆ ಹಾಗೆ ಜಾತ್ರೆ ಮುಗಿದ ಮೇಲೆ, ಬಿಸಿಲು ಇನ್ನೂ ಬಲಿಯದ ಒಂದು ಭಾನುವಾರ ಬೆಳಗ್ಗೆ, ನಮ್ಮ ಓಣಿಯ ನಾಲ್ಕು ಮನೆಯವರು ಹೊರಟೆವು. ನಾವು, ನಮ್ಮ ನಾಲ್ಕು ವರ್ಷದ ಕಿರಿಯ ಮಗಳು, ಬಲಮನೆಯ ಖಾಲಾ ಮತ್ತು ಅವರ ಸೊಸೆ, ಎದುರು ಮನೆಯ ಕುರುಬರ ಅಜ್ಜಿ, ಅವರ ಹತ್ತು ವರ್ಷದ ಮೊಮ್ಮಗ, ಮೂಲೆಮನೆಯ ಮೇಷ್ಟ್ರ ಕುಟುಂಬ. ಖಾಲಾರ ಸೊಸೆ ಮದುವೆಯಾಗಿ ಬಂದು ಮೂರು ವರ್ಷವಾಗಿದ್ದರೂ ಹೊಳೆ ನೋಡಿರಲಿಲ್ಲ. ಅರ್ಧ ಗಂಟೆ ನಡೆದರೆ ಸಿಗುವ ಹೊಳೆ! 'ಹೆಂಗಸರು ಸುಮ್ಮನೆ ಹೊಳೆಗೆ ಹೋದರೆ ಜನ ಏನಂದಾರು?' ಎಂದು ಖಾಲಾ ಮೊದಲು ಅನುಮಾನಿಸಿದ್ದರು. 'ಏನಂತಾರ ಬಿಡವ್ವಾ, ಹೊಳಿ ಯಾರಪ್ಪನ ಮನಿದು? ನಾ ಅದೀನಿ ಬರ್ರಿ' ಎಂದು ಅಜ್ಜಿ ಕೋಲು ಊರಿ ಮುಂದೆ ನಡೆದ ಮೇಲೆ ಅನುಮಾನಕ್ಕೆ ಎಡೆಯಿರಲಿಲ್ಲ.

ದೊಡ್ಡವರಿಗೆ ಅರ್ಧ ಗಂಟೆಯ ದಾರಿ. ನಾಲ್ಕು ವರ್ಷದ ಮಗುವಿಗೆ ಒಂದೂವರೆ ಗಂಟೆ. ಇದನ್ನು ನೀವು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮಗು ನಡೆಯುವುದಿಲ್ಲ, ನಿಲ್ಲುತ್ತದೆ. ಹುತ್ತದ ಬಳಿ ನಿಲ್ಲುತ್ತದೆ, ಸಗಣಿಯ ಉಂಡೆ ಉರುಳಿಸುವ ಹುಳುವಿನ ಬಳಿ ಕುಕ್ಕರಗಾಲಲ್ಲಿ ಕೂರುತ್ತದೆ. ಸತ್ತ ಚಿಟ್ಟೆಯೊಂದನ್ನು ಇರುವೆಗಳು ಎಳೆದೊಯ್ಯುತ್ತಿದ್ದವು. 'ಅಮ್ಮೀ, ಇವುಗಳ ಮನೆ ಎಲ್ಲಿ?' ಎಂದು ನಮ್ಮ ಮಗಳು ಕೇಳಿದಳು. ಸಾಲಿನ ಗುಂಟ ಹೋಗಿ ಹುಡುಕೋಣ ಎಂದೆ. ಹುಡುಕಲು ಕಾಲು ಗಂಟೆ ಹಿಡಿಯಿತು. ಮನೆ ಸಿಕ್ಕಿದಾಗ ಅವಳ ಮುಖದಲ್ಲಿದ್ದ ಸಂತೋಷ ಯಾವ ಆಟಿಕೆಯಿಂದಲೂ ಬಂದದ್ದನ್ನು ನಾನು ಕಂಡಿಲ್ಲ.

ಮದ್ರಸಾದಲ್ಲಿ ಮಕ್ಕಳಿಗೆ ಸೂರಾಗಳ ಹೆಸರು ಬಾಯಿಪಾಠ ಮಾಡಿಸುತ್ತೇವೆ. ನಹ್ಲ್ ಎಂದರೆ ಜೇನುನೊಣ, ನಮ್ಲ್ ಎಂದರೆ ಇರುವೆ, ಅನ್‌ಕಬೂತ್ ಎಂದರೆ ಜೇಡ. ಸುಲೈಮಾನ್(ಅ)ರ ಸೈನ್ಯ ಬರುತ್ತಿರುವುದನ್ನು ಕಂಡ ಇರುವೆಯೊಂದು ತನ್ನವರನ್ನು ಎಚ್ಚರಿಸಿದ, ಅದನ್ನು ಕೇಳಿ ಅವರು ಮುಗುಳ್ನಕ್ಕ ಕಥೆಯನ್ನು ಮಕ್ಕಳು ತುಂಬ ಇಷ್ಟಪಟ್ಟು ಕೇಳುತ್ತಾರೆ. ಆ ಕಥೆಯನ್ನು ಇರುವೆಯ ಗೂಡಿನ ಮುಂದೆ ಕೂತು ಹೇಳಿ ನೋಡಿ. ಮಗು ಅಲ್ಲಿಂದ ಮುಂದೆ ಕಾಲಿಡುವಾಗ ನೆಲ ನೋಡಿ ಇಡುತ್ತದೆ.

ಅಜ್ಜಿಯ ಪಾಠ

ಆ ದಿನದ ನಿಜವಾದ ಗುರು ಕುರುಬರ ಅಜ್ಜಿಯೇ. ಚಿಕ್ಕಂದಿನಿಂದ ಕುರಿ ಹಿಂದೆ ತಿರುಗಿದ ಕಾಲುಗಳು ಅವರವು. ಎಲೆಯಿಲ್ಲದೆ ಬರೀ ಕೆಂಪು ಹೂವಾಗಿ ನಿಂತದ್ದು ಮುತ್ತುಗ. ಅದರ ಎಲೆ ಬಂದ ಮೇಲೆ ಊಟದೆಲೆ ಹಚ್ಚುತ್ತಾರೆ. ಹಳದಿ ಹೂವಿನ ಪೊದೆ ತಂಗಡಿ. ಅದರ ತೊಗಟೆಯಿಂದ ಹಿಂದೆ ಚರ್ಮ ಹದ ಮಾಡುತ್ತಿದ್ದರು. ಇದು ಬನ್ನಿ, ಇದು ಜಾಲಿ. ಎರಡಕ್ಕೂ ಮುಳ್ಳಿದೆ, ಕಾಯಿ ನೋಡಿ ಗುರುತು ಹಿಡಿಯಬೇಕು. ಅಜ್ಜಿ ಹೇಳುತ್ತಾ ಹೋದರು, ಮಕ್ಕಳಿಗಿಂತ ಹೆಚ್ಚು ಶ್ರದ್ಧೆಯಿಂದ ಖಾಲಾರ ಸೊಸೆ ಕೇಳುತ್ತಾ ಹೋದಳು. ಹುಣಸೆ ಮರದ ಕೆಳಗೆ ಬಿದ್ದ ಹಣ್ಣನ್ನು ಬಾಯಿಗಿಟ್ಟು ನಮ್ಮ ಮಗಳು ಮುಖ ಕಿವಿಚಿದಾಗ ಎಲ್ಲರೂ ಗೊಳ್ಳೆಂದು ನಕ್ಕರು.

ಹೊಳೆಯ ಹತ್ತಿರದ ಒಂದು ಜಾಲಿಯ ಕೊಂಬೆಗಳಲ್ಲಿ ಕಳೆದ ಮಳೆಗಾಲದ ಗೀಜಗನ ಗೂಡುಗಳು ಒಣಗಿ ತೂಗುತ್ತಿದ್ದವು. ಒಂದು ಕೆಳಗೆ ಬಿದ್ದಿತ್ತು. ಮೇಷ್ಟ್ರು ಅದನ್ನು ಎತ್ತಿ ಮಕ್ಕಳ ಕೈಗೆ ಕೊಟ್ಟರು. ಸೂಜಿಯಿಲ್ಲ, ದಾರವಿಲ್ಲ, ಕೊಕ್ಕೊಂದರಿಂದಲೇ ಹುಲ್ಲಿನ ಎಳೆಗಳನ್ನು ಹೆಣೆದ ಕಸೂತಿ! ಗೂಡು ಹೆಣೆಯುವುದು ಗಂಡು ಹಕ್ಕಿ. ಅರ್ಧ ಹೆಣೆದಾಗ ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುತ್ತದೆ. ಅವಳಿಗೆ ಒಪ್ಪಿಗೆಯಾದರೆ ಮಾತ್ರ ಉದ್ದ ಬಾಗಿಲಿನ ಕೊಳವೆ ಹೆಣೆದು ಗೂಡು ಪೂರ್ತಿ ಮಾಡುತ್ತಾನೆ. 'ನಮ್ಮ ಕಾಲದಲ್ಲಿ ಮನೆ ನೋಡಿ ಒಪ್ಪುವ ಹಕ್ಕು ನಮಗೂ ಇದ್ದಿದ್ದರೆ!' ಎಂದು ಖಾಲಾ ಸೆರಗಿನ ಮರೆಯಲ್ಲಿ ನಕ್ಕರು.

ಕೈಯಲ್ಲಿ ಕಲ್ಲು ಹಿಡಿದ ಹುಡುಗ

ದಂಡೆಯ ಬೆಣಚುಕಲ್ಲುಗಳ ನಡುವೆ ನಾವು ಹೋಗುತ್ತಿದ್ದಂತೆ ಒಂದು ಟಿಟ್ಟಿಭ ಹಕ್ಕಿ ಎದ್ದು ನಮ್ಮ ತಲೆಯ ಮೇಲೆ ಸುತ್ತುತ್ತಾ ಕಿರುಚತೊಡಗಿತು. ಅಜ್ಜಿಯ ಮೊಮ್ಮಗ ಕಲ್ಲು ಎತ್ತಿದ. 'ತಡಿಯೋ' ಎಂದು ಅಜ್ಜಿ ಅವನ ಕೈ ಹಿಡಿದರು. 'ಅದು ಸುಮ್ನೆ ಒದರಾಕ ಹತ್ತಿಲ್ಲ, ಅದರ ತತ್ತಿ ಇಲ್ಲೇ ಎಲ್ಲೋ ಅದಾವ. ಹೆಜ್ಜಿ ನೋಡಿ ಇಡ್ರಿ.' ಎಲ್ಲರೂ ನಿಂತಲ್ಲೇ ನಿಂತೆವು. ಹುಡುಕಿ ಹುಡುಕಿ ಕಡೆಗೆ ಕಂಡದ್ದು ಕಲ್ಲು ಎತ್ತಿದ್ದ ಆ ಹುಡುಗನಿಗೇ. ಬರಿನೆಲದ ಮೇಲೆ, ಕಲ್ಲುಗಳದೇ ಬಣ್ಣದ, ಮಚ್ಚೆ ಮಚ್ಚೆಯ ನಾಲ್ಕು ಮೊಟ್ಟೆಗಳು. ಗೂಡಿಲ್ಲ, ಹುಲ್ಲಿನ ಹಾಸಿಗೆಯಿಲ್ಲ. ಯಾರೂ ಮುಟ್ಟಲಿಲ್ಲ. ಬಂದ ದಾರಿಯಲ್ಲೇ ಹಿಂದೆ ಸರಿದು ದೂರದಿಂದ ನೋಡಿದೆವು. ಸ್ವಲ್ಪ ಹೊತ್ತಿಗೆ ತಾಯಿ ಹಕ್ಕಿ ಇಳಿದು ಬಂದು ಮೊಟ್ಟೆಗಳ ಮೇಲೆ ಕೂತಿತು. ಹುಡುಗನ ಕೈಯಲ್ಲಿದ್ದ ಕಲ್ಲು ಯಾವಾಗ ಬಿದ್ದಿತೋ ಅವನಿಗೇ ತಿಳಿಯಲಿಲ್ಲ.

ಪ್ರವಾದಿ(ಸ)ರ ಸಂಗಾತಿಗಳು ಒಮ್ಮೆ ಪ್ರಯಾಣದಲ್ಲಿ ಹಕ್ಕಿಯೊಂದರ ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತ ಬಂದಿತು. ಅದನ್ನು ಕಂಡ ಪ್ರವಾದಿ(ಸ)ರು ಮರಿಗಳನ್ನು ಅದಕ್ಕೆ ಮರಳಿಸುವಂತೆ ಹೇಳಿದರು. ನಾನು ಈ ಘಟನೆಯನ್ನು ಮಕ್ಕಳಿಗೆ ಹೇಳಿದಾಗ ಅಜ್ಜಿ ತಲೆದೂಗಿ, 'ನಮ್ಮ ಹಿರೇರೂ ಇದನ್ನ ಹೇಳ್ತಿದ್ರವ್ವಾ' ಎಂದರು.

ಕಲ್ಲು ಹಿಡಿದ ಹುಡುಗನನ್ನು ಬೈದು ಕೂರಿಸುವುದು ಸುಲಭ. ಆದರೆ ಅದೇ ಕೈಯನ್ನು ಹಿಡಿದು ತೋರಿಸುವವರು ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. 1896ರಲ್ಲಿ ಮುಂಬಯಿಯ ಮುಸ್ಲಿಮ್ ಕುಟುಂಬವೊಂದರಲ್ಲಿ ಹುಟ್ಟಿದ ಸಾಲಿಂ ಅಲಿ ಎಳವೆಯಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡವರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ಅವರನ್ನು ಸಾಕಿದರು. ಆಟದ ಬಂದೂಕಿನಿಂದ ಗುಬ್ಬಿ ಹೊಡೆಯುವ ಹುಡುಗನಾಗಿದ್ದ ಸಾಲಿಂ ಒಮ್ಮೆ ಕೊರಳಿನಲ್ಲಿ ಹಳದಿ ಮಚ್ಚೆಯಿದ್ದ ಗುಬ್ಬಿಯೊಂದನ್ನು ಹೊಡೆದರು. ಇದು ಯಾವ ಹಕ್ಕಿ ಎಂದು ಮಾವನನ್ನು ಕೇಳಿದರು. ಮಾವ ಗದರಲಿಲ್ಲ, 'ನನಗೆ ಕೆಲಸವಿದೆ' ಎನ್ನಲೂ ಇಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲ್ಲಾರ್ಡ್ ಅವರ ಬಳಿಗೆ ಕಳಿಸಿದರು. ಮಿಲ್ಲಾರ್ಡ್ ಹಕ್ಕಿಯ ಹೆಸರು ಹೇಳಿ, ಸಂಗ್ರಹದಲ್ಲಿದ್ದ ನೂರಾರು ಹಕ್ಕಿಗಳನ್ನು ಹುಡುಗನಿಗೆ ತೋರಿಸಿದರು. ಅಲ್ಲಿಂದ ಆ ಬಾಲಕನ ಬದುಕಿನ ದಾರಿಯೇ ಬದಲಾಯಿತು. ಗೀಜಗನ ಗೂಡಿನ ಬದುಕನ್ನು ಮುಂಬಯಿ ಬಳಿಯ ಕಿಹಿಮ್‌ನಲ್ಲಿ ತಿಂಗಳುಗಟ್ಟಲೆ ಕೂತು ನೋಡಿ ಲೋಕಕ್ಕೆ ಹೇಳಿದವರು ಇದೇ ಸಾಲಿಂ ಅಲಿ. 1941ರಲ್ಲಿ ಪ್ರಕಟವಾದ ಅವರ ಭಾರತೀಯ ಪಕ್ಷಿಗಳ ಪುಸ್ತಕವನ್ನು ಪಕ್ಷಿಪ್ರೇಮಿಗಳು ಈಗಲೂ ಕೈಯಲ್ಲಿ ಹಿಡಿಯುತ್ತಾರೆ. 1976ರಲ್ಲಿ ಅವರಿಗೆ ಪದ್ಮವಿಭೂಷಣ ದೊರೆಯಿತು. 1987ರಲ್ಲಿ ನಿಧನರಾದ ಅವರನ್ನು ನಾಡು 'ಹಕ್ಕಿಗಳ ಮನುಷ್ಯ' ಎಂದೇ ನೆನೆಯುತ್ತದೆ. ಒಬ್ಬ ಮಾವನ ತಾಳ್ಮೆಯಿಂದ ಆರಂಭವಾದದ್ದು ಇದು!

ಇನ್ನೂ ಸ್ವಲ್ಪ ದೂರ ಹೋದರೆ

ಮಕ್ಕಳಿಗೆ ಹೊಳೆದಂಡೆ ರೂಢಿಯಾದ ಮೇಲೆ ವರ್ಷಕ್ಕೊಮ್ಮೆ ನೆರೆಹೊರೆಯವರೆಲ್ಲ ಸೇರಿ ಒಂದು ಗಾಡಿ ಮಾಡಿಕೊಂಡು ದೂರ ಹೋಗಬಹುದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯನ್ನು ನೋಡಿದ್ದೀರಾ? ಸುಮಾರು 244 ಎಕರೆಯ ಈ ಕೆರೆಯನ್ನು ಕಟ್ಟಿದ್ದು ಹೊಲಗಳಿಗೆ ನೀರುಣಿಸಲು. ನೀರಿನ ನಡುವೆ ನಿಂತ ಜಾಲಿ ಮರಗಳಲ್ಲಿ ಹಕ್ಕಿಗಳು ಮನೆ ಮಾಡಿಕೊಂಡವು. 2017ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿಯಲ್ಲಿ ರಾಮ್ಸಾರ್ ತಾಣ ಎಂಬ ಅಂತಾರಾಷ್ಟ್ರೀಯ ಮನ್ನಣೆಯೂ ಸಿಕ್ಕಿತು. 240 ಬಗೆಯ ಹಕ್ಕಿಗಳು ಇಲ್ಲಿ ದಾಖಲಾಗಿವೆ. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ರಾತ್ರಿ ತಂಗುತ್ತವೆ. ಬಣ್ಣದ ಕೊಕ್ಕರೆ, ಕಪ್ಪು ತಲೆಯ ಕೆಂಬರಲು ಇಲ್ಲಿನ ವಿಶೇಷ. ನಾವು 'ಮುಳ್ಳುಜಾಲಿ' ಎಂದು ಮೂಗು ಮುರಿಯುವ ಮರವೇ ಅವುಗಳ ಮರಿಗಳಿಗೆ ಕೋಟೆ.

ಅದೇ ದಿನ ರಾಮ್ಸಾರ್ ಪಟ್ಟಿಗೆ ಸೇರಿದ ಇನ್ನೊಂದು ಕೆರೆ ಹೊಳೆಯಾಚೆಯ ಗದಗ ಜಿಲ್ಲೆಯ ಮಾಗಡಿ ಕೆರೆ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಅಲ್ಲಿ ಇಳಿಯುತ್ತವೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ 2013ರಿಂದ ಕರಡಿಧಾಮವಿದೆ. ನಮ್ಮ ಬಾಲ್ಯದಲ್ಲಿ ಮೂಗುದಾರ ಹಾಕಿದ ಕರಡಿಯನ್ನು ಓಣಿಯಲ್ಲಿ ಕುಣಿಸುತ್ತಿದ್ದುದು ನಿಮಗೆ ನೆನಪಿರಬಹುದು. ಅದನ್ನೇ ನಂಬಿ ಬದುಕಿದ್ದವರು ಕಲಂದರ್ ಸಮುದಾಯದ ಬಡವರು. ಅವರಿಗೆ ಬೇರೆ ದುಡಿಮೆಯ ದಾರಿ ತೋರಿಸಿ ಕರಡಿಗಳನ್ನು ಬಿಡಿಸುವ ಕೆಲಸ ವರ್ಷಗಟ್ಟಲೆ ನಡೆದು, 2009ರಲ್ಲಿ ಕೊನೆಯದೆಂದು ಹೇಳಲಾದ ಕುಣಿತದ ಕರಡಿ ಬನ್ನೇರುಘಟ್ಟದ ಆಶ್ರಯ ಸೇರಿತು. ಹಗ್ಗವಿಲ್ಲದ ಕರಡಿ ಬಂಡೆಯ ಸಂದಿಯಲ್ಲಿ ಗೆದ್ದಲು ಹುಡುಕಿ ತಿನ್ನುತ್ತ ಬದುಕುತ್ತದೆ ಎಂದು ನಮ್ಮ ಮಕ್ಕಳಾದರೂ ತಿಳಿಯಲಿ.

ಹೊರಡುವ ಮುನ್ನ

ಹೊರಗೆ ಹೋಗುವುದೆಂದರೆ ಎಚ್ಚರವೂ ಬೇಕು. ನಮ್ಮ ಅನುಭವದಿಂದ ಕೆಲವು ಮಾತುಗಳನ್ನು ಹೇಳುತ್ತೇನೆ.

ಬೆಳಗ್ಗೆ ಫಜ್ರ್ ನಮಾಝಿನ ಬಳಿಕ ಹೊರಟು ಒಂಬತ್ತು-ಒಂಬತ್ತೂವರೆಯೊಳಗೆ ಮರಳಿ ಬನ್ನಿ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಸೀಮೆಯ ಬಿಸಿಲು ಮಕ್ಕಳಿಗೆ ಸಲ್ಲದು. ಆಗ ಮನೆಯಂಗಳದ ಮರವೇ ಸಾಕು. ಟೋಪಿ, ಪೂರ್ತಿ ಕಾಲು ಮುಚ್ಚುವ ಚಪ್ಪಲಿ ಅಥವಾ ಬೂಟು, ಬೇಕಾದಷ್ಟು ನೀರು ಇರಲಿ.

ಹೊಳೆಯ ವಿಷಯದಲ್ಲಿ ಯಾವ ಸಡಿಲಿಕೆಯೂ ಬೇಡ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು ಕಂಡರೂ ಮರಳು ತೆಗೆದ ಗುಂಡಿಗಳು ಒಳಗೆ ಆಳುದ್ದ ಇರುತ್ತವೆ. ಮೇಲಿನಿಂದ ಅವು ಕಾಣುವುದಿಲ್ಲ. ಆದ್ದರಿಂದ ಮಕ್ಕಳು ನೀರಿಗೆ ಇಳಿಯುವಂತಿಲ್ಲ, ದಂಡೆಯಿಂದಲೇ ನೋಟ. ಪ್ರತಿ ಸಣ್ಣ ಮಗುವಿಗೆ ಒಬ್ಬ ದೊಡ್ಡವರು ಎಂದು ಮನೆಯಲ್ಲೇ ಹೆಸರು ಹೇಳಿ ಒಪ್ಪಿಸಿ. 'ಎಲ್ಲರೂ ನೋಡಿಕೊಳ್ಳುತ್ತಾರೆ' ಎಂದುಕೊಂಡಲ್ಲಿ ಯಾರೂ ನೋಡಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಅತ್ತ ಹೋಗಲೇಬೇಡಿ.

ಹುತ್ತ, ಪೊದೆ, ಕಲ್ಲಿನ ಸಂದಿಗೆ ಕೈ ಹಾಕಬಾರದೆಂದು ಮಕ್ಕಳಿಗೆ ಮೊದಲೇ ಹೇಳಿ. ಅಕಸ್ಮಾತ್ ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ನೇರ ಆಸ್ಪತ್ರೆಗೆ ಸಾಗಿಸಿ. ಅದಕ್ಕಿರುವ ಮದ್ದು ಅಲ್ಲಿ ಮಾತ್ರ ಇದೆ. ಗೊತ್ತಿಲ್ಲದ ಕಾಯಿ-ಹಣ್ಣನ್ನು ಯಾರೂ ಬಾಯಿಗಿಡಬಾರದು.

ತಿಂದು ಉಳಿದ ಪೊಟ್ಟಣ, ಬಾಟಲಿಗಳನ್ನು ಚೀಲದಲ್ಲೇ ಮನೆಗೆ ತನ್ನಿ. ಜನ ನಡೆಯುವ ದಾರಿಯನ್ನೂ ಅವರು ಕೂರುವ ನೆರಳನ್ನೂ ಹೊಲಸು ಮಾಡಬಾರದೆಂದು ಪ್ರವಾದಿ(ಸ)ರು ತಾಕೀತು ಮಾಡಿದ್ದಾರೆ. ಇದನ್ನು ಮಕ್ಕಳು ಪಾಠದಲ್ಲಿ ಕಲಿಯುವುದಕ್ಕಿಂತ ತಾಯಿಯ ಕೈಚೀಲ ನೋಡಿ ಬೇಗ ಕಲಿಯುತ್ತಾರೆ.

ಇನ್ನೊಂದು ಮುಖ್ಯ ಮಾತು. ಹುಡುಗಿ ಹತ್ತು ವರ್ಷ ದಾಟಿದಳೆಂದರೆ ಅವಳ ಹೊರಗಿನ ಲೋಕಕ್ಕೆ ಬಾಗಿಲು ಹಾಕಿಬಿಡುವ ರೂಢಿ ಎಷ್ಟೋ ಮನೆಗಳಲ್ಲಿದೆ. ಹಿರಿಯ ಹೆಂಗಸರು, ನೆರೆಯವರು ಜೊತೆಗಿದ್ದರೆ ಅಂಜಿಕೆ ಯಾಕೆ? ಅವಳಿಗೂ ಬಿಸಿಲು-ಗಾಳಿ ಬೇಕು. ನಾಳೆ ಅವಳೂ ತಾಯಿಯಾಗುತ್ತಾಳೆ. ಕಾಣದ್ದನ್ನು ಅವಳು ತನ್ನ ಮಕ್ಕಳಿಗೆ ಹೇಗೆ ತೋರಿಸುತ್ತಾಳೆ?

ನೆರೆಯವರಿಂದ ದೊರೆಯುವುದು

ಈ ನಡಿಗೆಯನ್ನು ಒಬ್ಬರೇ ಮಾಡದೆ ನೆರೆಹೊರೆಯೊಂದಿಗೆ ಮಾಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮನೆಗಳು ಗೋಡೆಗೆ ಗೋಡೆ ತಾಗಿದ್ದರೂ ಮನಸ್ಸುಗಳು ದೂರವಾಗುತ್ತಿರುವ ಕಾಲ ಇದು. ಮೊಬೈಲಿಗೆ ಬರುವ ಸಂದೇಶಗಳು ಪಕ್ಕದ ಮನೆಯವರ ಬಗ್ಗೆ ನಮಗೆ ಏನೇನೋ ಕಥೆ ಹೇಳುತ್ತವೆ. ಆದರೆ ಒಂದೇ ಡಬ್ಬಿಯ ಒಗ್ಗರಣೆ ಮಂಡಕ್ಕಿಯನ್ನು ಹಂಚಿಕೊಂಡು ತಿಂದವರ ನಡುವೆ, ಒಂದೇ ಹಕ್ಕಿಯ ಮೊಟ್ಟೆಗಾಗಿ ಒಟ್ಟಿಗೆ ಉಸಿರು ಬಿಗಿಹಿಡಿದು ನಿಂತವರ ನಡುವೆ ಆ ಕಥೆಗಳು ಬೇರು ಬಿಡುವುದು ಕಷ್ಟ. ಮಗು ದಣಿದಾಗ ಅದನ್ನು ಎತ್ತಿಕೊಂಡವರು ಯಾರು ಎಂಬುದನ್ನು ಮಗು ಮರೆಯುವುದಿಲ್ಲ. ಅದರ ತಾಯಿಯೂ ಮರೆಯುವುದಿಲ್ಲ.

ಖಾಲಾರ ಸೊಸೆ ಈಗ ತನ್ನ ಮಗುವನ್ನು ತಾನೇ ಹೊಳೆದಂಡೆಗೆ ಕರೆದೊಯ್ಯುತ್ತಾಳೆ. ಕುರುಬರ ಅಜ್ಜಿ ಹೇಳಿಕೊಟ್ಟ ಗಿಡಗಳ ಹೆಸರುಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ಮೂವತ್ತೇಳು ಹೆಸರುಗಳಿವೆ. ಅಜ್ಜಿಗೆ ಈಗ ನಡೆಯಲಾಗುವುದಿಲ್ಲ. ಎಲೆಯೊಂದನ್ನು ಕಿತ್ತು ತಂದು ಅವರ ಮಂಚದ ಬಳಿ ಹಿಡಿದರೆ ಮೂಸಿ ನೋಡಿ ಹೆಸರು ಹೇಳುತ್ತಾರೆ. ಪುಸ್ತಕದಲ್ಲಿ ಮತ್ತೊಂದು ಸಾಲು ಸೇರುತ್ತದೆ.

ಸಹೋದರಿಯರೇ, ನಿಮ್ಮ ಓಣಿಯಲ್ಲೂ ಅಂಥ ಅಜ್ಜಿಯೊಬ್ಬರು ಇದ್ದೇ ಇರುತ್ತಾರೆ. ಅವರಿಗೆ ಇನ್ನೂ ನಡೆಯಲು ಆಗುವಾಗಲೇ ಅವರ ಬಾಗಿಲು ತಟ್ಟಿ. ಮುಂದಿನ ಭಾನುವಾರ ದೂರವೇನಿಲ್ಲ.